ದೀಪದ ಹಿಂದಿನ ಮೂಲೆಗೆ ಯಾವ ಬಟ್ಟೆ?

ವಿಜ್ಞಾನ ಓದಿದವನೆಂದರೆ ಜನ ಏನು ಬೇಕಾದರೂ ಕೇಳುತ್ತಾರೆ. ಗಡಿಯಾರ ನಿಂತರೂ ನನ್ನನ್ನೇ ಕರೆಯುತ್ತಾರೆ, ಎಮ್ಮೆ ಒದ್ದರೂ ನನ್ನನ್ನೇ. ನಿಜಾಮರ ಕಾಲದಲ್ಲಿ, ಲಿಂಗಸುಗೂರಿನ ಕಚೇರಿಯೊಂದರಲ್ಲಿ ಹಂಗಾಮಿ ಗುಮಾಸ್ತನಾಗಿದ್ದಾಗ, ಕಚೇರಿಯ ಸಾಹೇಬರ ಕರಿ ಮೋಟಾರು ನನ್ನ ಪಾಲಿಗೆ ಬಂತು. ಅವರೇ ಕರೆದು ಹೇಳಿದರು:

"ಮುಂದಿನ ವಾರ ಮಸ್ಕಿಗೆ ನಮ್ಮ ದೊಡ್ಡ ಸಾಹೇಬ್ರು, ಸುಬೇದಾರ್ರು ಬರ್ತಾರ. ಅವರು ಮ್ಯಾಲೆ ನೋಡಂಗಿಲ್ಲ, ಸಂದ್ಯಾಗ ಬಟ್ಟು ಹಾಕಿ ನೋಡ್ತಾರ. ಪಾಲಿಶ್ ತಿಕ್ಕಾಕ ಯಾವ ಬಟ್ಟೆ ಚಲೋ, ನೀ ಗೊತ್ತು ಮಾಡು. ಸಂದಿ ಹೊಳೆದ್ರ ನೌಕರಿ ಖಾಯಂ. ಇಲ್ಲಾಂದ್ರ ಖುದಾ ಹಾಫಿಜ್."

ಕೈ ಹೋಗದ ಜಾಗಗಳ ಪಟ್ಟಿ ಮಾಡಿದೆ: ದೀಪದ ಹಿಂದೆ, ಹಿಡಿಕೆಯ ಕೆಳಗೆ, ಸ್ಟೆಪ್ನಿಯ ಮರೆಯಲ್ಲಿ.

೧. ಲಿಂಗಸುಗೂರು: ಕಂಬಳಿ

ಕಡ್ಡಿಗೆ ಕಂಬಳಿ ತುಂಡು ಸುತ್ತಿ, ಮೇಣದ ಪಾಲಿಶ್ ಹಚ್ಚಿ, ಸ್ಟೆಪ್ನಿಯ ಮರೆಯಲ್ಲಿ ಇಪ್ಪತ್ತು ಸಲ ತಿಕ್ಕಿದೆ. ಎಣಿಸಿಯೇ ತಿಕ್ಕಿದೆ. ಡ್ರೈವರ್ ಚಾಚಾ ಬಗ್ಗಿ ನೋಡಿದರು.

"ನನ್ನ ಮಾರಿ ಕಾಣಾಕತ್ತೈತ್ರೀ."

"ಹೌದಾ ಚಾಚಾ?"

"ಹೌದ್ರೀ. ಬೆಕ್ಕು ಪರಚಿದಂಗ ಕಾಣಾಕತ್ತೈತಿ."

೨. ಸಿಂಧನೂರು: ಹತ್ತಿ

ಸಾಹೇಬರ ಜೊತೆ ತಪಾಸಣೆಗೆ ಸಿಂಧನೂರಿಗೆ ಹೋದಾಗ ಹತ್ತಿ ಹಿಡಿದೆ. ಗೀರು ಬೀಳಲಿಲ್ಲ. ಆದರೆ ತಿರುಪಿಗೊಂದು, ಕೀಲಿಗೊಂದು ಎಳೆ ಸಿಕ್ಕಿ ಮೇಣಕ್ಕೆ ಅಂಟಿತು. ಊರ ಹಿರಿಯರೊಂದಿಗೆ ಹೊರಬಂದ ಸಾಹೇಬರು ಮೋಟಾರನ್ನು ಒಂದು ಸುತ್ತು ಹಾಕಿದರು.

"ಇದಕ್ಕ ಪಾಲಿಶ್ ಬ್ಯಾಡ. ಹಜಾಮನ್ನ ಕರೀರಿ."

೩. ಮಸ್ಕಿ: ಟೋಪಿ

ಮಸ್ಕಿ ಬಂಗಲೆಗೆ ಬರುವಷ್ಟರಲ್ಲಿ ಮೋಟಾರಿನ ತುಂಬ ಧೂಳು. ಸುಬೇದಾರರು ಬರಲು ಅರ್ಧ ಗಂಟೆಯಷ್ಟೇ ಇತ್ತು. ಸಾಹೇಬರು ಒಳಗೆ ಮುಖ ತೊಳೆಯುತ್ತಿದ್ದರು. ಮುಂದಿನ ಸೀಟಿನ ಮೇಲೆ ಕುಚ್ಚಿನ ಕೆಂಪು ರೂಮಿ ಟೋಪಿಯೊಂದು ಬಿದ್ದಿತ್ತು. ಚಾಚಾನ ಹಳೆಯದೆಂದುಕೊಂಡು ಮುಷ್ಟಿಗೆ ಹಾಕಿ, ಮೇಣ ಬಳಿದು, ದೀಪದ ಹಿಂದೆ ತೂರಿಸಿದೆ. ಆ ಮೂಲೆಗೆಂದೇ ಹೊಲಿದಂತಿತ್ತು. ಗೀರಿಲ್ಲ, ಎಳೆಯಿಲ್ಲ, ಕನ್ನಡಿಯಂತೆ ಹೊಳೆಯಿತು.

"ಚಾಚಾ, ನಿಮ್ಮ ಟೋಪಿ ಗೆದ್ದಿತು!"

ಚಾಚಾ ತಲೆ ಮುಟ್ಟಿ ನೋಡಿಕೊಂಡರು. "ನನ್ನದು ಇಲ್ಲೇ ಐತಲ್ಲರೀ!"

ಅಷ್ಟರಲ್ಲಿ ಒಳಗಿನಿಂದ ಕೂಗು: "ನನ್ನ ಟೋಪಿ ತರ್ರಿ!"

ಎಷ್ಟು ಒರೆಸಿದರೂ ಅಂಗೈಯಗಲದ ಕರಿ ಕಲೆ ಹೋಗಲಿಲ್ಲ. ಚಾಚಾ ಕಲೆ ಹಿಂದೆ ಬರುವಂತೆ ಟೋಪಿ ತಿರುಗಿಸಿ ಸಾಹೇಬರ ತಲೆಗೆ ತಾವೇ ಇಟ್ಟು ಬಂದರು.

ಸುಬೇದಾರರು ಬಂದವರೇ ದೀಪದ ಹಿಂದೆ ಬೆರಳು ಹಾಕಿದರು. ಬೆರಳು ಸ್ವಚ್ಛವಾಗಿಯೇ ಹೊರಬಂತು.

"ಶಾಭಾಸ್! ಯಾವ ಬಟ್ಟೆ ಇದು?"

ಸಾಹೇಬರು ಬೀಗಿ ನನ್ನತ್ತ ಕೈ ಮಾಡಿದರು. "ನಮ್ಮ ಬಿ.ಎಸ್ಸಿ. ಹುಡುಗ ಹುಡುಕ್ಯಾನ. ತೋರಿಸೋ!"

ನಾನು ಚಾಚಾನತ್ತ ನೋಡಿದೆ. ಚಾಚಾ ಗಾಬರಿಯಲ್ಲಿ ಸಾಹೇಬರ ತಲೆಯತ್ತ ಬೆರಳು ತೋರಿಸಿಬಿಟ್ಟರು.

"ಓಹೋ, ಸಾಹೇಬ್ರದೇ ತಲಿ ಓಡೈತಿ!" ಸುಬೇದಾರರು ನಕ್ಕರು. "ಹುಡುಗನೂ ಚಲೋ ದುಡದಾನ. ಖಾಯಂ ಮಾಡ್ರಿ, ನನ್ನ ಮುಂದನ ಬರೀರಿ."

ಸಾಹೇಬರು ಖುಷಿಯಿಂದ ತಿರುಗಿ, ಬಾನೆಟ್ಟಿನ ಮೇಲೆ ಕಾಗದ ಹಾಸಿ ಬರೆಯತೊಡಗಿದರು. ಟೋಪಿಯ ಹಿಂಭಾಗ ಈಗ ನೇರವಾಗಿ ಸುಬೇದಾರರ ಮೂಗಿನ ಮುಂದೆ. ಅವರು ಕಲೆ ನೋಡಿದರು. ದೀಪ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಬಿಸಿಲಿಗೆ ಬೆವತ ಸಾಹೇಬರು ಅರ್ಧ ಬರೆದು ಟೋಪಿಗೆ ಕೈ ಹಾಕಿದರು. ಸುಬೇದಾರರು ಥಟ್ಟನೆ ಅವರ ಕೈ ಹಿಡಿದರು.

"ಸಹಿ ಆಗೋತನಕ ಟೋಪಿ ತೆಗೀಬ್ಯಾಡ್ರಿ."