ಕಿಟಕಿಯಲ್ಲಿಟ್ಟ ಇಪ್ಪತ್ತು ಪಾಕೀಟು ಖಾರದಪುಡಿ

ಸಣ್ಣ ಕಾರ್ಖಾನೆಯವರನ್ನೂ ವಿಶ್ವವಿದ್ಯಾಲಯದವರನ್ನೂ ಒಂದೇ ಮೇಜಿಗೆ ಕೂಡಿಸಿ, ಇವರ ಕಷ್ಟಕ್ಕೆ ಅವರಿಂದ ಸಂಶೋಧನೆ ಮಾಡಿಸುವುದು ನನ್ನ ನೌಕರಿ. ಹೆಣ್ಣು ಗಂಡು ನೋಡಿ ಸಂಬಂಧ ಕೂಡಿಸುವವರಿಗೂ ನನಗೂ ಹೆಚ್ಚು ವ್ಯತ್ಯಾಸವಿಲ್ಲ, ಅವರಿಗೆ ಮದುವೆ ಊಟವಾದರೂ ಸಿಗುತ್ತದೆ. ಹಾವೇರಿ ಆಫೀಸಿನಿಂದ ನನ್ನ ಸ್ಕೂಟರ್ ಹೊರಟಿತೆಂದರೆ ಸಂಜೆಯೊಳಗೆ ಏನಾದರೊಂದು ಆಗಿಯೇ ಆಗುತ್ತದೆ.

೧. ಸಮಸ್ಯೆಯೇ ಇಲ್ಲದ ವರ್ಕ್‌ಶಾಪು

ರಾಣೆಬೆನ್ನೂರಿನಲ್ಲಿ ಗೋವಿನಜೋಳ ಒಕ್ಕುವ ಯಂತ್ರ ತಯಾರಿಸುವವರೊಬ್ಬರಿದ್ದಾರೆ. ವಿಶ್ವವಿದ್ಯಾಲಯದಲ್ಲಿ ಧಾನ್ಯ, ಮಸಾಲೆಗಳ ಸಂಸ್ಕರಣೆ ಕಲಿಸುವ ನಮ್ಮ ಪ್ರೊಫೆಸರರನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಅಲ್ಲಿಗೆ. ಪ್ರೊಫೆಸರರು ಮೈಸೂರು ಕಡೆಯವರು, ಮೃದು ಮಾತಿನವರು. ಪೆನ್ನು ಬಿಚ್ಚಿ, ನಿಮ್ಮ ಯಂತ್ರದಲ್ಲಿ ಏನು ತೊಂದರೆ ಇದೆ ಹೇಳಿ ಎಂದರು.

"ತೊಂದರಿ ಏನೂ ಇಲ್ರಿ ಸರ್. ನಿಮ್ಮ ಆಶೀರ್ವಾದದಿಂದ ಎಲ್ಲಾ ಆರಾಮ ನಡದೈತಿ."

ಮೂರು ರೀತಿಯಲ್ಲಿ ಕೇಳಿದರೂ ಅದೇ ಉತ್ತರ. ಚಹಾ ಕುಡಿದು ಪ್ರೊಫೆಸರರ ಕಾರು ಹೋಯಿತು. ತಕ್ಷಣ ಮಾಲೀಕರು ನನ್ನ ಸ್ಕೂಟರಿನ ಹ್ಯಾಂಡಲ್ ಹಿಡಿದು ನಿಂತರು. ಕಾಳು ಒಡೆಯುತ್ತದೆ, ಬೆಲ್ಟ್ ಜಾರುತ್ತದೆ, ಜರಡಿ ಕಟ್ಟಿಕೊಳ್ಳುತ್ತದೆ. ಎರಡೂ ಕೈಯ ಬೆರಳು ಮುಗಿದರೂ ದೂರು ಮುಗಿಯಲಿಲ್ಲ. ಇಷ್ಟನ್ನೂ ಅವರ ಮುಂದೆ ಯಾಕೆ ಹೇಳಲಿಲ್ಲವೆಂದು ನಾನು ರೇಗಿದೆ.

"ಮೊದಲನೇ ಭೇಟಿಗೇ ಮನೀ ಹುಳುಕು ಹೇಳ್ಕೊಳ್ಳೂದ ಏನ್ರಿ ಮೇಡಂ?" ಎಂದರು.

ಆ ಹುಳುಕು ಹೊರಗೆ ಬರಲು ಇನ್ನೂ ಮೂರು ಸಲ ಚಹಾ ಆಗಬೇಕಾಯಿತು.

೨. ಮೊದಲ ಸ್ಯಾಂಪಲ್ಲು

ಬ್ಯಾಡಗಿಯಲ್ಲಿ ಖಾರದಪುಡಿಯ ಸಣ್ಣ ಗಿರಣಿ ನಡೆಸುವ, ಊರವರೆಲ್ಲ ಚಾಚಾ ಎನ್ನುವ ಹಿರಿಯರು ಆ ಪೈಕಿ ಅಲ್ಲ. ತಾವೇ ನನ್ನನ್ನು ಹುಡುಕಿಕೊಂಡು ಬಂದರು. ಅವರ ಪುಡಿಯ ಅರ್ಧಕ್ಕಿಂತ ಹೆಚ್ಚು ಹೋಗುವುದು ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ. ಅಲ್ಲಿ ತಿಂಗಳೊಪ್ಪತ್ತಿನಲ್ಲೇ ಪಾಕೀಟಿನ ಪುಡಿ ಬಣ್ಣ ಬಿಡುತ್ತಿತ್ತು. ಯಾಕೆ ಹೀಗಾಗುತ್ತದೆಂದು ಬಲ್ಲವರಿಂದ ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ನಿಮ್ಮ ಮಾಲು ಬೇಡ ಎಂದುಬಿಟ್ಟಿದ್ದರು ಅಂಗಡಿಯವರು. ಗಿರಣಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಎಂಟು ಜನ ಹೆಂಗಸರಿದ್ದರು. ಅವರಿಗೆ ನಾಳೆಯಿಂದ ಬರಬೇಡಿ ಎಂದು ಹೇಗೆ ಹೇಳಲಿ ಎನ್ನುವಾಗ ಚಾಚಾನ ದನಿ ಸಣ್ಣಗಾಗಿತ್ತು.

ಪ್ರೊಫೆಸರರಿಗೆ ಅರ್ಧ ಕಿಲೋ ಪುಡಿ ಮುಟ್ಟಿಸಿ ಎಂದೆ. ಚಾಚಾ ಹೊಸ ಅಂಗಿ ಹಾಕಿಕೊಂಡು, ಭಾನುವಾರ ಅವರ ಮನೆಗೇ ಹೋಗಿ, ಮನೆಯವರ ಕೈಗೆ ಪಾಕೀಟು ಕೊಟ್ಟು ಬಂದರು. ಹದಿನೈದು ದಿನ ಬಿಟ್ಟು ವರದಿ ಏನಾಯಿತೆಂದು ಫೋನ್ ಮಾಡಿದೆ. ಯಾವ ಸ್ಯಾಂಪಲ್ ಎಂದರು ಪ್ರೊಫೆಸರರು. ಒಳಗೆ ಹೋಗಿ ಮನೆಯವರನ್ನು ಕೇಳಿಕೊಂಡು ಬಂದರು.

"ಅದು ಸ್ಯಾಂಪಲ್ಲಾ? ಪ್ರೀತಿಯಿಂದ ತಂದಿದ್ದಾರೆ ಅಂದುಕೊಂಡು ಎಲ್ಲಾ ಸಾರಿಗೆ ಹಾಕಿಬಿಟ್ವಲ್ಲ ಮೇಡಂ. ಬಹಳ ಚೆನ್ನಾಗಿತ್ತು."

ಚಾಚಾನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಚೆನ್ನಾಗಿತ್ತು ಎಂದದ್ದನ್ನೇ ಸಹಿ ಮಾಡಿ ಕೊಡುತ್ತಾರೇನು ಕೇಳು ಎಂದರು.

೩. ಎರಡನೆಯ ಸ್ಯಾಂಪಲ್ಲು

ಈ ಸಲ ಪಾಕೀಟಿನ ಮೇಲೆ ಸ್ಯಾಂಪಲ್ ಎಂದು ದಪ್ಪಕ್ಷರದಲ್ಲಿ ಬರೆಸಿ ನೇರ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿ ಬಂತು. ಬಣ್ಣ ಅತ್ಯುತ್ತಮ, ದೋಷವೇನೂ ಇಲ್ಲ. ನನಗೆ ಅನುಮಾನ ಬಂದು ಚಾಚಾನನ್ನು ಹಿಡಿದು ಕೂಡಿಸಿ ಕೇಳಿದೆ. ಪುಣ್ಯಾತ್ಮ ಮಾರುಕಟ್ಟೆಯಲ್ಲಿ ಆ ದಿನದ ಎಲ್ಲಕ್ಕಿಂತ ಒಳ್ಳೆಯ ಕಾಯಿ ಆರಿಸಿ ತಂದು, ಗಿರಣಿ ತೊಳೆಸಿ, ಬೇರೆಯಾಗಿ ಬೀಸಿ ಕಳಿಸಿದ್ದರು. ಬಣ್ಣ ಬಿಟ್ಟ ಪುಡಿ ಕಳಿಸಿ ಎಂದಿದ್ದೆನಲ್ಲ ಎಂದು ನಾನು ಕೂಗಾಡಿದೆ.

"ಕಲಿತವರ ಕೈಯಾಗ ಕೆಟ್ಟ ಪುಡಿ ಹೆಂಗ ಕೊಡ್ಲಿ ಬೇಟಿ? ಬ್ಯಾಡಗಿ ಹೆಸರು ಏನಾದೀತು?"

ಬೈಯುವ ಹಕ್ಕು ನನಗೂ ಇರಲಿಲ್ಲ. ಕರ್ಜಗಿಯ ನಮ್ಮ ಮನೆಯಲ್ಲೂ ನೆಂಟರು ಬಂದರೆ ಕಿವಿ ಮುರಿದ ಕಪ್ಪನ್ನು ಮೊದಲು ಬಚ್ಚಿಡುವವಳು ನಾನೇ.

೪. ಹತ್ತೊಂಬತ್ತು

ಕೊನೆಗೆ ಪ್ರೊಫೆಸರರೇ ಬ್ಯಾಡಗಿಗೆ ಬಂದರು. ಪಾಕೀಟಿನ ಮುಂಭಾಗದಲ್ಲಿ ಅಂಗೈಯಗಲ ಪಾರದರ್ಶಕ ಹಾಳೆ ಇತ್ತು. ನಮ್ಮ ಬಣ್ಣ ಜನರಿಗೆ ಕಾಣಲಿ ಎಂದು ಚಾಚಾನೇ ಹೇಳಿ ಮಾಡಿಸಿದ್ದು. ಅಂಗಡಿಯವರು ಪಾಕೀಟುಗಳನ್ನು ಮುಂದಿನ ಗಾಜಿನ ಹಿಂದೆ ಜೋಡಿಸುತ್ತಾರಂತೆ, ಅಲ್ಲಿಯ ಬಿಸಿಲೇ ಕಾರಣವಿರಬಹುದು ಎಂಬ ಗುಮಾನಿ ಪ್ರೊಫೆಸರರಿಗೆ. ಇಪ್ಪತ್ತು ಪಾಕೀಟು ಚಾಚಾನ ಮನೆಯ ಬಿಸಿಲು ಬೀಳುವ ಕಿಟಕಿಯಲ್ಲಿ, ಇಪ್ಪತ್ತು ಕಬ್ಬಿಣದ ಟ್ರಂಕಿನಲ್ಲಿ ಇಡಿಸಿದರು. ಎರಡು ತಿಂಗಳು ಯಾರೂ ಏನೂ ಮಾಡಬಾರದು ಎಂದು ಹೇಳಿ ಹೋದರು.

ಎರಡು ತಿಂಗಳಾದ ಮೇಲೆ ನೋಡಿದರೆ ಕಿಟಕಿಯವೂ ಟ್ರಂಕಿನವೂ ಒಂದೇ ಕೆಂಪು. ಬಿಸಿಲಿನ ತಪ್ಪಲ್ಲ, ಹುಬ್ಬಳ್ಳಿಗೆ ಹೋದ ಮಾಲಿನ ಕಾಯಿಯಲ್ಲೇ ದೋಷವಿದ್ದಿರಬೇಕು ಎಂದರು ಪ್ರೊಫೆಸರರು. ಚಾಚಾ ಗೋಡೆಗೆ ಒರಗಿ ಕುಳಿತುಬಿಟ್ಟರು. ಬರೆದುಕೊಳ್ಳುವ ಮುಂಚೆ ಪ್ರೊಫೆಸರರು ಎಣಿಸಿದರು. ಕಿಟಕಿಯಲ್ಲಿ ಹತ್ತೊಂಬತ್ತೇ ಇದ್ದವು.

ಒಳಗಿನಿಂದ ಚಾಚಾನ ಹೆಂಡತಿ, ಚಾಚಿ, ಬಂದರು. ಸೆರಗಿನ ಮರೆಯಲ್ಲಿ ಇಪ್ಪತ್ತನೆಯದಿತ್ತು. ಪುಡಿ ಹಳೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು.

"ಇದೊಂದು ಸರಳಿನ ಆಚೆ ಬಿದ್ದು ಬಿಸಲಾಗ ಉಳಿದಿತ್ರಿ ಸರ್. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಅಕ್ಕಿ ಡಬ್ಬಿ ಹಿಂದ ಇಟ್ಟಿದ್ದೆ."

ಉಳಿದವು ಬಿಸಿಲಿನಲ್ಲಿ ಇರಲಿಲ್ಲವೇ ಎಂದು ಪ್ರೊಫೆಸರರು ಕೇಳಿದರು.

"ಬಿಸಲು ಬರೂ ಹೊತ್ತಿಗೆ ದಿನಾ ಒಳಗ ತರತಿದ್ದೆ, ಸಂಜೀಕ ಹೊಳ್ಳಿ ಇಡತಿದ್ದೆ. ಕಾಯಿಗೆ ಬಿಸಲು ಬೇಕ್ರಿ, ಪುಡಿಗೆ ಬ್ಯಾಡ. ಇದು ಊರಾಗ ಎಲ್ಲಾ ಹೆಂಗಸರಿಗೂ ಗೊತ್ತೈತಿ."

ಪ್ರೊಫೆಸರರು ಆ ಕೆಟ್ಟ ಪಾಕೀಟನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಚಾಚಾನ ಮುಖ ನೋಡಿದೆ. ಇವಳನ್ನು ಒಂದು ಮಾತು ಕೇಳಿದ್ದರೆ ವಿಶ್ವವಿದ್ಯಾಲಯದವರೆಗೆ ಹೋಗುವುದೇ ಇರಲಿಲ್ಲ ಎಂದು ಅವರೂ ಯೋಚಿಸುತ್ತಿದ್ದರು.

೫. ಇಪ್ಪತ್ತು

ಒಂದೇ ಪಾಕೀಟು ನೋಡಿ ಬರೆದುಕೊಡಲು ಬರುವುದಿಲ್ಲವಂತೆ. ಚಾಚಾ ಹುಬ್ಬಳ್ಳಿಗೆ ಹೋಗಿ ಅಂಗಡಿಯವರ ಕೈಕಾಲು ಹಿಡಿದು ಇನ್ನೆರಡು ತಿಂಗಳ ಮುದ್ದತ್ತು ಪಡೆದುಕೊಂಡು ಬಂದರು. ಮತ್ತೆ ಇಪ್ಪತ್ತು ಕಿಟಕಿಯಲ್ಲಿ, ಇಪ್ಪತ್ತು ಟ್ರಂಕಿನಲ್ಲಿ. ಪ್ರೊಫೆಸರರು ಈ ಸಲ ಚಾಚಿಯ ಮುಂದೆಯೇ ಕೈ ಮುಗಿದು, ಅಮ್ಮಾ, ದಯವಿಟ್ಟು ಮುಟ್ಟಬೇಡಿ ಎಂದರು. ಆಯಿತೆಂದು ಚಾಚಿ ಮಾತು ಕೊಟ್ಟರು.

ಎರಡು ತಿಂಗಳಿಗೆ ಹೋದೆವು. ಕಿಟಕಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಇದ್ದವು. ಇಟ್ಟಲ್ಲೇ ಇದ್ದವು, ಮೇಲೆ ಧೂಳು ಕೂಡ ಕೂತಿತ್ತು. ಧೂಳು ಒರೆಸಿದರೆ ಒಳಗೆ ಕೆಂಪೆಂದರೆ ಕೆಂಪು. ಪ್ರೊಫೆಸರರು ತಿರುಗಿ ಚಾಚಿಯನ್ನು ನೋಡಿದರು.

"ಖರೇನ ಒಂದನೂ ಮುಟ್ಟಿಲ್ರಿ ಸರ್," ಎಂದರು ಚಾಚಿ. "ಕಿಡಕಿಗೆ ಹೊರಗಿಂದ ದಪ್ಪಂದು ಒಂದು ಪರದೆ ಹಾಕೇನಿ, ಅಷ್ಟ."

ಪ್ರೊಫೆಸರರು ನಕ್ಕರು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅಲ್ಲೇ ಕುಳಿತು ಅಂಗಡಿಯವರಿಗೆ ಕಾಗದ ಬರೆದರು. ಬಿಸಿಲಿನಲ್ಲಿ ಉಳಿದ ಒಂದು ಪಾಕೀಟು ಕೆಟ್ಟಿದೆ, ಪರದೆಯ ಹಿಂದಿನ ಇಪ್ಪತ್ತೂ ಉಳಿದಿವೆ, ಕಾಯಿಯಲ್ಲಿ ದೋಷವಿಲ್ಲ, ಪಾಕೀಟನ್ನು ಪೂರ್ತಿ ಮುಚ್ಚಿಸಿ. ಪ್ರಯೋಗ ನಡೆಸಿದವರು ಎಂಬಲ್ಲಿ ಚಾಚಿಯ ಹೆಸರನ್ನು ತಮ್ಮ ಹೆಸರಿಗಿಂತ ಮೇಲೆ ಬರೆದರು.

ಅಂಗಡಿಯವರು ಕಾಗದ ಓದಿ ಒಪ್ಪಿಕೊಂಡರು. ಆ ಎಂಟು ಹೆಂಗಸರು ಇವತ್ತಿಗೂ ತೊಟ್ಟು ಬಿಡಿಸುತ್ತಿದ್ದಾರೆ. ಹೊಸ ಪಾಕೀಟುಗಳ ಮೊದಲ ಲೋಡು ಹುಬ್ಬಳ್ಳಿಗೆ ಹೋದಾಗ ಚೀಲಗಳ ಮೇಲೊಂದು ಬಟ್ಟೆಯ ಗಂಟಿತ್ತು. ಇದೇನೆಂದು ಅಂಗಡಿಯವರು ಫೋನ್ ಮಾಡಿ ಕೇಳಿದರು. ಅವರ ಅಂಗಡಿಯ ಮುಂದಿನ ಗಾಜಿಗೆಂದು ಚಾಚಿ ಅಂದಾಜಿನ ಅಳತೆಯಲ್ಲಿ ಪರದೆ ಹೊಲಿದು ಕಳಿಸಿದ್ದರು.