ಜೂನ್ ಒಂದರಂದು ಹುಟ್ಟಿದವರು

ಬೊಮ್ಮಸಂದ್ರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡಿಕೊಂಡು ಇಪ್ಪತ್ತೆರಡು ವರ್ಷವಾಯಿತು. ನಗಬೇಕೋ ಅಳಬೇಕೋ ತಿಳಿಯದ ಸಂಗತಿಗಳಿಗೆ ಇಲ್ಲಿ ವಾರದ ರಜಾ ಕೂಡ ಇಲ್ಲ. ಈಚಿನವು ಹೊಸ ಸಾಫ್ಟ್‌ವೇರಿನ ಕೃಪೆ. ಗೇಟಿನ ಹಾಜರಿ, ಸಂಬಳದ ಪಟ್ಟಿ, ಕ್ಯಾಂಟೀನಿನ ಕೂಪನ್ನು ಒಂದೊಂದೂ ಬೇರೆ ಬೇರೆ ಕಂಪ್ಯೂಟರಿನಲ್ಲಿದ್ದವು. ಅವನ್ನೆಲ್ಲ ಇದು ಒಂದುಗೂಡಿಸುತ್ತದಂತೆ. ಅದಕ್ಕೆ ಒಂದು ತಿಂಗಳು ಪರೀಕ್ಷೆ. ಪಾಸಾದರೆ ನಮ್ಮ ಮೂವರಲ್ಲಿ ಇಬ್ಬರಿಗೆ ಕೆಲಸವಿಲ್ಲ ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ನನಗೆ ಐವತ್ತೆರಡು. ಅದು ಫೇಲಾಗಲಿ ಎಂದು ದಿನಾ ದೇವರಿಗೆ ಕೈಮುಗಿಯುತ್ತಿದ್ದೆ.

ಒಬ್ಬನೇ ವೀರ

ವಿಜಯಪುರದ ಕಡೆಯ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ನಾಲ್ವರು ನಮ್ಮಲ್ಲಿ ಸೇರಿದ್ದರು. ನಾಲ್ವರಿಗೂ ಅಜ್ಜನ ಹೆಸರು. ಶಾಲೆಯ ಮೇಷ್ಟ್ರು ಹುಟ್ಟಿದ ದಿನ ಕೇಳುವ ಗೋಜಿಗೆ ಹೋಗದೆ ಎಲ್ಲರಿಗೂ ಜೂನ್ ಒಂದು ಎಂದು ಬರೆದಿದ್ದರು, ಇಸವಿಯೂ ಒಂದೇ. ವಿಳಾಸ, ಫೋನು ಹೆಬ್ಬಗೋಡಿಯ ಬಾಡಿಗೆಮನೆ ಓನರದು. ಸಾಫ್ಟ್‌ವೇರು ಇಷ್ಟನ್ನು ನೋಡಿ ನಾಲ್ವರನ್ನೂ ಒಬ್ಬನನ್ನಾಗಿ ಮಾಡಿತು. ಆ ಒಬ್ಬ ವಾರವಿಡೀ ಮೂರೂ ಶಿಫ್ಟ್ ದುಡಿದಿದ್ದ. ಮ್ಯಾನೇಜರ್ ಕಣ್ಣರಳಿಸಿ, "ಇಂಥೋರು ಬೇಕು ನೋಡಿ ನಮಗೆ" ಎಂದರು.

ಸತ್ತವರು

ಆ ನಾಲ್ವರಲ್ಲಿ ಒಬ್ಬ ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಿದ್ದ. ಸಾಫ್ಟ್‌ವೇರು ಆ ಸಾವನ್ನೂ ಹುಡುಕಿ ಆ ಒಬ್ಬನ ಲೆಕ್ಕಕ್ಕೆ ಸೇರಿಸಿದ ಮೇಲೆ ಉಳಿದ ಮೂವರಿಗೆ ಗೇಟು ತೆರೆಯಲಿಲ್ಲ. ಅವರಲ್ಲಿ ಹಿರಿಯನು ನನ್ನ ಕಿಟಕಿಗೆ ಬಂದ.

"ನಾ ಸತ್ತಿಲ್ರೀ ಸಾಹೇಬ್ರ. ಸತ್ತಾಂವ ನಮ್ಮ ಕಾಕಾನ ಮಗ."

ತಮ್ಮನ ಸಾವನ್ನು ಅವನ ಬಾಯಿಂದ ಮತ್ತೆ ಹೇಳಿಸಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಜೊತೆಗೇ, ಇದು ಫೇಲಾದಂತೆಯೇ ಎಂದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಮಹದೇವಪುರದಿಂದ ಬಂದಿದ್ದ ಸಾಫ್ಟ್‌ವೇರ್ ಕಂಪನಿಯ ಮೇಡಂ ಐದೇ ನಿಮಿಷದಲ್ಲಿ ಆ ಸಾವನ್ನು ಅಳಿಸಿಹಾಕಿದರು. ಮೂವರೂ ಒಳಗೆ ಬಂದರು. ಸತ್ತವನಿಗೂ ಅವತ್ತು ಹಾಜರಿ ಬಿತ್ತು.

ಫಲಿತಾಂಶ

ಕೊನೆಯ ದಿನ ಪೂರ್ತಿ ಪಟ್ಟಿ ಬಂತು. ಜೂನ್ ಒಂದರಂದು ಹುಟ್ಟಿದ ಅಣ್ಣತಮ್ಮಂದಿರು ನಮ್ಮ ಕಾರ್ಖಾನೆಯಲ್ಲಿ ಎಷ್ಟೋ ಜನ. ಎಲ್ಲರೂ ಒಬ್ಬರೊಳಗೊಬ್ಬರು ಸೇರಿಹೋಗಿ ಪಟ್ಟಿ ಅರ್ಧಕ್ಕೆ ಇಳಿದಿತ್ತು. ಇನ್ನು ಸಾಫ್ಟ್‌ವೇರಿನ ಕಥೆ ಮುಗಿಯಿತು ಎಂದು ನೆಮ್ಮದಿಯಿಂದ ಪಟ್ಟಿಯನ್ನು ಮ್ಯಾನೇಜರ್ ಮುಂದೆ ಇಟ್ಟೆ.

ಅವರು ಎರಡು ಸಲ ಓದಿದರು. "ಇಷ್ಟು ಕಮ್ಮಿ ಜನಕ್ಕೆ ಟೈಮ್ ಆಫೀಸೇ ಯಾಕ್ರೀ ಬೇಕು?"

ಎದ್ದು ಕಿಟಕಿಯ ಪರದೆ ಸರಿಸಿದೆ. ಕ್ಯಾಂಟೀನಿನ ಊಟದ ಸಾಲು ಗೇಟಿನವರೆಗೂ ನಿಂತಿತ್ತು. ಅವರೆಲ್ಲ ಯಾರು ಸಾರ್ ಎಂದು ಕೇಳಿದೆ.

ಮ್ಯಾನೇಜರ್ ಕಿಟಕಿಯತ್ತ ಬಗ್ಗಿ ನೋಡಿದರು.

"ಕ್ಯಾಂಟೀನ್ ಇನ್ನೂ ಸಿಸ್ಟಮ್‌ಗೆ ಸೇರಿಲ್ಲ ಕಣ್ರೀ. ಸೇರಿದ್ಮೇಲೆ ಅವರೂ ಇರಲ್ಲ."