ಅಪ್ಪನ ಜೇಬಿನಲ್ಲಿ ಐವತ್ತು ಆಂಪಿಯರ್

ಏಪ್ರಿಲ್ ಹದಿಮೂರು, ಭಾನುವಾರ, ಬೆಳಗ್ಗೆ ಏಳೂ ಇಪ್ಪತ್ತು. ಅರಸೀಕೆರೆಯ ನಮ್ಮ ಮನೆಯ ಮುಂದೆ ನಿಂತಿದ್ದ ಕಾರಿನ ಬಾನೆಟ್ ಎತ್ತಿದೆ. ಬ್ಯಾಟರಿಯನ್ನು ಒಮ್ಮೆ ಗಂಭೀರವಾಗಿ ದಿಟ್ಟಿಸಿದೆ. ‘ಕೆಲಸ ಆರಂಭ’ ಎಂದು ಡೈರಿಯಲ್ಲಿ ಬರೆದುಕೊಂಡೆ. ಕಾರಿಗೆ ಆಂಪ್ಲಿಫೈಯರ್ ಕೂರಿಸುವ ಕೆಲಸ. ಮದುವೆಗೆ ಇನ್ನೂ ಮೂರು ವಾರವಿತ್ತು. ನನ್ನ ಅಂದಾಜಿನ ಪ್ರಕಾರ ಮೂರು ದಿನ ಸಾಕಾಗಿತ್ತು. ಅಂದಾಜು ಮಾಡುವುದರಲ್ಲಿ ನಾನು ಗಟ್ಟಿಗ. ಗ್ಯಾಸ್ ಸಿಲಿಂಡರ್ ಯಾವ ತಾರೀಕು ಖಾಲಿಯಾಗುತ್ತದೆ, ಒಂದು ಟೂತ್‌ಪೇಸ್ಟ್ ಎಷ್ಟು ದಿನ ಬರುತ್ತದೆ ಎಂಬುದೆಲ್ಲ ನನ್ನ ಡೈರಿಯಲ್ಲಿದೆ. ಹೆಂಡತಿ ರೇಖಾ ಇದನ್ನು ಕಾಯಿಲೆ ಎನ್ನುತ್ತಾಳೆ. ನಾನು ಶಿಸ್ತು ಎನ್ನುತ್ತೇನೆ.

ಮದುವೆ ನನ್ನ ದೊಡ್ಡಮ್ಮನ ಮಗಳು ಸೌಮ್ಯಳದು. ದೊಡ್ಡಮ್ಮ ಮಾದಿಹಳ್ಳಿಯವರು. ಹಳೇಬೀಡಿನ ಸುತ್ತಮುತ್ತ ಎಷ್ಟೋ ಮದುವೆಗಳಲ್ಲಿ, ಹುಡುಗಿ ಗಂಡನ ಮನೆಗೆ ಹೊರಡುವ ಹೊತ್ತಿಗೆ ಹೆಣ್ಣೊಪ್ಪಿಸುವ ಹಾಡು ಹೇಳುತ್ತಿದ್ದವರು ಅವರೇ. ಅವರು ಮೊದಲ ಸಾಲು ಎತ್ತಿದರೆ ಸಾಕು, ಅಲ್ಲಿಯವರೆಗೆ ಊಟದ ಲೋಪದೋಷ ಚರ್ಚಿಸುತ್ತಿದ್ದ ಗಂಡಿನ ಕಡೆಯ ಗಂಡಸರೂ ಕರವಸ್ತ್ರ ಹುಡುಕಿಕೊಳ್ಳುತ್ತಿದ್ದರು. ಹೋದ ವರ್ಷ ಅವರ ಗಂಟಲಿಗೆ ಆಪರೇಷನ್ ಆಯಿತು. ಮಾತು ಉಳಿಯಿತು, ಹಾಡು ಹೋಯಿತು. ಊರವರ ಹೆಣ್ಣುಮಕ್ಕಳನ್ನೆಲ್ಲ ಹಾಡಿ ಕಳಿಸಿದವರಿಗೆ ತಮ್ಮ ಮಗಳ ಸರದಿ ಬಂದಾಗ ದನಿಯೇ ಇರಲಿಲ್ಲ.

ಆದರೆ ನನ್ನ ತಂಗಿಯ ಮದುವೆಯಲ್ಲಿ ಅವರು ಹಾಡಿದ್ದನ್ನು ರೇಖಾ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದಳು. ಅದನ್ನು ನನ್ನ ಫೋನಿಗೂ ಹಾಕಿಕೊಂಡು ದೊಡ್ಡಮ್ಮನಿಗೆ ಕೇಳಿಸಿದೆ. ಅವರು ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸಿ ನನ್ನ ಕೈಗೆ ಕೊಟ್ಟರು.

“ಸೌಮ್ಯ ಕಾರು ಹತ್ತೋವಾಗ ಇದೊಂದು ಅವಳ ಕಿವಿಗೆ ಬೀಳೋ ಹಂಗೆ ಮಾಡು ಮಗ. ನಂಗೆ ಇನ್ನೇನೂ ಬ್ಯಾಡ.”

“ಅವಳ ಕಿವಿಗೇನು ದೊಡ್ಡಮ್ಮ, ಇಡೀ ಬೇಲೂರಿಗೇ ಕೇಳ್ಸೋ ಹಂಗೆ ಮಾಡ್ತೀನಿ,” ಎಂದೆ.

ಕೇಳಿದ್ದಕ್ಕಿಂತ ಹೆಚ್ಚು ಕೊಡಲು ಹೊರಟದ್ದು ಅಲ್ಲಿಂದ.

ಛತ್ರ ಬೇಲೂರಿನಲ್ಲಿ. ಗಂಡಿನ ಮನೆ ಅರೇಹಳ್ಳಿಯಲ್ಲಿ. ಸೌಮ್ಯ ಹೊರಡುವುದು ನಮ್ಮ ಕಾರಿನಲ್ಲಿ ಎಂದು ಹಿರಿಯರು ಮೊದಲೇ ತೀರ್ಮಾನಿಸಿದ್ದರು. ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್, ಹಿಂದೆ ಎರಡು ದೊಡ್ಡ ಸ್ಪೀಕರ್, ಬಾಗಿಲು ತೆರೆದ ತಕ್ಷಣ ದೊಡ್ಡಮ್ಮನ ದನಿ. ಯೋಜನೆಯಲ್ಲಿ ಎಲ್ಲಿಯೂ ತೂತಿರಲಿಲ್ಲ.

ಆಂಪ್ಲಿಫೈಯರ್ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಸಾವಿರದ ಆರುನೂರು ವ್ಯಾಟ್ ಎಂದಿತ್ತು. ಅಂಗಡಿಯಲ್ಲೇ ನಿಂತು ಹನ್ನೆರಡು ವೋಲ್ಟಿನಿಂದ ಭಾಗಿಸಿದೆ. ನೂರಮೂವತ್ತು ಆಂಪಿಯರ್ ದಾಟಿತು. ಅಷ್ಟು ಕರೆಂಟನ್ನು ನಮ್ಮ ಪುಟ್ಟ ಕಾರಿನಿಂದ ಕೇಳುವುದು, ಎಳೆಗರುವಿಗೆ ನೇಗಿಲು ಕಟ್ಟಿದಂತೆ. ನನ್ನ ಮುಖ ನೋಡಿದ ಅಂಗಡಿಯವರು ಸಮಾಧಾನ ಹೇಳಿದರು.

“ಅದು ಡಬ್ಬದ ವ್ಯಾಟು ಸಾರ್. ಒಳಗಿರೋದು ಮುನ್ನೂರೇಯ.”

ಮುನ್ನೂರನ್ನು ಹನ್ನೆರಡರಿಂದ ಭಾಗಿಸಿದರೆ ಇಪ್ಪತ್ತೈದು. ಅರ್ಧದಷ್ಟು ಕರೆಂಟು ಬರೀ ಬಿಸಿಯಾಗಿ ಹೋಗುತ್ತದೆ ಎಂದು ಓದಿದ್ದರಿಂದ ಅದನ್ನು ಎರಡರಷ್ಟು ಮಾಡಿದೆ. ಐವತ್ತು ಆಂಪಿಯರ್. ಅದಕ್ಕೆ ತಕ್ಕ ದಪ್ಪದ ತಾಮ್ರದ ವೈರು, ಬ್ಯಾಟರಿಯ ಪಕ್ಕದಲ್ಲೇ ಕೂರಿಸಲು ಐವತ್ತರ ಫ್ಯೂಸು. ಫ್ಯೂಸು ಮೂರು ಕೊಂಡೆ. ಹಾಕಲು ಒಂದು, ಹೋದರೆ ಇರಲಿ ಎಂದು ಎರಡು. ಆ ಎರಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ‘ತುರ್ತಿಗೆ’ ಎಂದು ಚೀಟಿ ಅಂಟಿಸಿ, ಮನೆಯ ಬೀರುವಿನ ಮೇಲಿನ ಅರೆಯಲ್ಲಿ ಭದ್ರಪಡಿಸಿದೆ. ಮನೆಯ ಬೀರುವಿನಲ್ಲಿ. ದಯವಿಟ್ಟು ಇದನ್ನು ಗಮನಿಸಿ.

ವೈರಿನ ಉದ್ದವನ್ನು ಹೂ ಕಟ್ಟುವ ದಾರದಿಂದ ಅಳೆದಿದ್ದೆ. ಬಾನೆಟ್ಟಿನಿಂದ ಡಿಕ್ಕಿಯವರೆಗೆ, ಸೀಟುಗಳ ಮೇಲಿಂದ, ನೇರವಾಗಿ. ವೈರು ಹಾಗೆ ಹಾರಿಕೊಂಡು ಹೋಗುವುದಿಲ್ಲ, ಕಾರ್ಪೆಟ್ಟಿನ ಕೆಳಗೆ, ಸೀಟಿನ ಸಂದಿಯಲ್ಲಿ ತೆವಳಿಕೊಂಡು ಹೋಗುತ್ತದೆ ಎಂಬುದು, ಅದು ಡಿಕ್ಕಿ ತಲುಪಲು ಒಂದು ಮೊಳ ಬಾಕಿ ಇರುವಾಗ ಹೊಳೆಯಿತು. ಮತ್ತೆ ಅಂಗಡಿ. ಅಂಗಡಿಯವರು ನನ್ನನ್ನು ಕಂಡದ್ದೇ ಸ್ಟೂಲು ಮುಂದೆ ತಳ್ಳಿದರು.

ಎರಡನೆಯ ಭಾನುವಾರ ಹಾಡು ಬಂತು. ಹಾಡಿನ ಜೊತೆಗೆ ಕುಂಯ್ಯೆಂಬ ಶಬ್ದವೂ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲಿನ ಶ್ರುತಿಗೆ ಏರುತ್ತಿತ್ತು. ರೇಖಾ ಹಿಂದಿನ ಸೀಟಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ದೊಡ್ಡಮ್ಮನ ಜೊತೆ ಸೊಳ್ಳೇನೂ ದನಿಗೂಡಿಸ್ತಿದೆ ಕಣ್ರೀ,” ಎಂದಳು.

“ಅದು ಎಂಜಿನ್ನಿನ ಶಬ್ದ. ಕರೆಂಟಿನ ವೈರು, ಹಾಡಿನ ವೈರು ಒಟ್ಟಿಗೆ ಹೋದರೆ ಹಾಗಾಗುತ್ತೆ. ಎರಡನ್ನೂ ಬೇರೆ ಬೇರೆ ಕಡೆಯಿಂದ ಎಳೆಯಬೇಕು.”

“ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ?”

ಇಂಥ ಪ್ರಶ್ನೆಗಳಿಗೆ ಡೈರಿಯಲ್ಲಿ ಜಾಗವಿಲ್ಲ. ಕಾರ್ಪೆಟ್ ಎಲ್ಲ ಕಿತ್ತು ಮತ್ತೆ ಹಾಕಿದೆ. ಸೊಳ್ಳೆ ಹೋಯಿತು.

ಮರುದಿನ ಬೆಳಗ್ಗೆ ಅಪ್ಪನಿಗೆ ತೋಟಕ್ಕೆ ಕಾರು ಬೇಕಿತ್ತು. ಕೀಲಿ ತಿರುಗಿಸಿದರೆ ಟಕ್ ಟಕ್ ಎಂದಿತೇ ಹೊರತು ಎಂಜಿನ್ ಏಳಲಿಲ್ಲ. ಆಂಪ್ಲಿಫೈಯರ್‌ಗೆ ‘ಏಳು, ಮಲಗು’ ಎಂದು ಹೇಳುವ ತೆಳ್ಳನೆಯ ನೀಲಿ ವೈರೊಂದು ಇರುತ್ತದೆ. ಅದನ್ನು ನಾನು ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದೆ. ಹಾಗಾಗಿ ಆಂಪ್ಲಿಫೈಯರ್ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು ಕೂತು ಬ್ಯಾಟರಿಯನ್ನು ಹೀರಿತ್ತು. ಪಕ್ಕದ ಮನೆಯವರು ಹಲ್ಲುಜ್ಜುತ್ತಲೇ ಬಂದು ಕಾರು ತಳ್ಳಿದರು.

ಅಪ್ಪನ ಸಿಟ್ಟಿಳಿಸಲು ಬಾನೆಟ್ ಎತ್ತಿ ಒಂದು ಪಾಠ ಮಾಡಿದೆ. ಇದು ಬ್ಯಾಟರಿ, ಇದು ಡಿಕ್ಕಿಗೆ ಹೋಗುವ ವೈರು, ನಡುವೆ ಇರುವುದು ಫ್ಯೂಸು. ಹಿಂದೆ ಏನೇ ಎಡವಟ್ಟಾದರೂ ಇದು ತಾನು ಸುಟ್ಟುಹೋಗಿ ಕಾರು ಉಳಿಸುತ್ತದೆ.

“ಅಂದ್ರೆ ಇದನ್ನ ಕಿತ್ರೆ ಹಿಂದಕ್ಕೆ ಕರೆಂಟೇ ಹೋಗಕಿಲ್ಲ ಅನ್ನು.”

“ಹೌದಪ್ಪ.”

“ಬ್ಯಾಟ್ರಿನೂ ಸಾಯಕಿಲ್ಲ.”

“ಸಾಯಲ್ಲ.”

“ಅಷ್ಟೇ ತಾನೆ. ನಮ್ ಪಂಪ್‌ಸೆಟ್ ಇದ್ದಂಗೆ ಐತೆ.”

‘ಅಪ್ಪನಿಗೆ ಚೆನ್ನಾಗಿ ಅರ್ಥವಾಯಿತು’ ಎಂದು ಬರೆದುಕೊಂಡೆ. ಇಡೀ ಡೈರಿಯಲ್ಲಿ ಇಷ್ಟು ನಿಜವಾದ ವಾಕ್ಯ ಇನ್ನೊಂದಿಲ್ಲ. ಅದೇ ಸಂಜೆ ನೀಲಿ ವೈರನ್ನು ಸರಿಯಾದ ಜಾಗಕ್ಕೆ ಹಾಕಿದೆ. ಆಮೇಲೆ ಬ್ಯಾಟರಿ ಖಾಲಿಯಾಗುವ ಭಯವೇ ಇರಲಿಲ್ಲ. ಅದನ್ನು ಅಪ್ಪನಿಗೆ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೇ ಎರಡು, ಶುಕ್ರವಾರ, ಕೊನೆಯ ಪರೀಕ್ಷೆ. ಹಾಡು ಬೀದಿಯ ಕೊನೆಯವರೆಗೂ ಹೋಯಿತು. ಎದುರು ಮನೆಯ ಅಜ್ಜಿ ಗೇಟಿಗೆ ಬಂದು ನಿಂತರು. ರೇಖಾ ಒಳಗೆ ಹೋದಳು. ಕಣ್ಣು ಒರೆಸಿಕೊಂಡದ್ದು ಕಿಟಕಿಯಿಂದ ಕಾಣಿಸಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆಂಪ್ಲಿಫೈಯರ್‌ಗೆ ವೈರು ಕೂಡುವ ಸ್ಕ್ರೂಗಳ ಮೇಲೆ ಹಾಕುವ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದುಬಿಟ್ಟೆ. ನೆಂಟರು ಡಿಕ್ಕಿ ತೆರೆದಾಗ ನನ್ನ ಅಚ್ಚುಕಟ್ಟಾದ ಕೆಲಸ ಅವರಿಗೆ ಕಾಣಬೇಡವೇ?

ಶನಿವಾರ ಅಪ್ಪ ಅಡುಗೆಗೆ ಬೇಕಾದ ತೆಂಗಿನಕಾಯಿ ತುಂಬಿಕೊಂಡು ಕಾರಿನಲ್ಲಿ ಬೇಲೂರಿಗೆ ಹೋದರು. ನಾನೂ ರೇಖಾಳೂ ಭಾನುವಾರ ಮೊದಲ ಬಸ್ಸಿಗೆ ಹೊರಟು, ಹಳೇಬೀಡಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಛತ್ರ ಸೇರಿದೆವು. ಧಾರೆಯಾಯಿತು, ಊಟವಾಯಿತು. ನಾಲ್ಕೂವರೆಗೆ ರಾಹುಕಾಲ. ಅದಕ್ಕೆ ಮೊದಲು ಹೆಣ್ಣು ಹೊರಡಬೇಕು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಾನು ಫೋನನ್ನು ಕಾರಿಗೆ ಜೋಡಿಸಿ, ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮನಿಗೆ ಕಣ್ಸನ್ನೆ ಮಾಡಿ, ಸುಮ್ಮನೆ ಒಮ್ಮೆ ನೋಡೋಣವೆಂದು ಹಾಡು ಹಾಕಿದೆ.

ನಿಶ್ಶಬ್ದ.

ಡಿಕ್ಕಿಯಲ್ಲಿ ಆಂಪ್ಲಿಫೈಯರ್‌ನ ಹಸಿರು ದೀಪ ಸತ್ತಿತ್ತು. ಬಾನೆಟ್ ಎತ್ತಿದೆ. ಫ್ಯೂಸು ಇರಬೇಕಾದ ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ನನ್ನನ್ನು ನೋಡುತ್ತಿತ್ತು.

ಅಪ್ಪನನ್ನು ಹುಡುಕಿದೆ. ರೇಷ್ಮೆ ಪಂಚೆ, ಹೊಸ ಅಂಗಿ ತೊಟ್ಟು, ಬೀಗರ ನಡುವೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

“ಅಪ್ಪ, ಕಾರಿನ ಫ್ಯೂಸ್ ಎಲ್ಲಿ?”

“ಕಿತ್ತು ಮಡಗಿವ್ನಿ. ರಾತ್ರಿ ನಿಲ್ಸಿದ ಮ್ಯಾಲೆ ಬ್ಯಾಟ್ರಿ ಸಾಯಬಾರ್ದಲ್ಲ.”

ಎಷ್ಟೋ ವರ್ಷಗಳಿಂದ ಅಪ್ಪ ತೋಟದಿಂದ ಹೊರಡುವಾಗ ಪಂಪ್‌ಸೆಟ್ಟಿನ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಬರುತ್ತಾರೆ. ನಮ್ಮ ಕಡೆ ತೋಟ ಇರುವವರ ಅಂಗಿ ಒಗೆಯುವ ಮುಂಚೆ ಹೆಂಗಸರು ಮೊದಲು ನೋಡುವುದು ಅದನ್ನೇ. ಇದೆಲ್ಲ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

“ಎಲ್ಲಿ ಮಡಗಿದ್ದೀಯ? ಕೊಡು ಬೇಗ.”

ಅಪ್ಪ ಹೊಸ ಅಂಗಿಯ ಜೇಬು ತಟ್ಟಿಕೊಂಡರು. ಆಮೇಲೆ ಸೊಂಟ. ಆಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು.

“ನೆನ್ನೆ ಅಂಗೀಲೈತೆ ಕಣ್ಲಾ.”

“ಅಂಗಿ?”

“ಬ್ಯಾಗಲ್ಲೈತೆ.”

“ಬ್ಯಾಗ್?”

“ಪಾತ್ರೆ ಟೆಂಪೋದಾಗೆ ಮಾದಿಹಳ್ಳಿಗೆ ಹೋತು.”

ಮಾದಿಹಳ್ಳಿಯಲ್ಲಿ ಒಂದು ಫ್ಯೂಸು. ಅರಸೀಕೆರೆಯ ಬೀರುವಿನಲ್ಲಿ, ‘ತುರ್ತಿಗೆ’ ಎಂಬ ಚೀಟಿಯಡಿ, ಎರಡು. ಬೇಲೂರಿನಲ್ಲಿ ಸೊನ್ನೆ. ಭಾನುವಾರ ಮಧ್ಯಾಹ್ನ. ಛತ್ರದ ಹತ್ತಿರದ ಎರಡು ಎಲೆಕ್ಟ್ರಿಕಲ್ ಅಂಗಡಿಗಳಿಗೂ ಬೀಗ.

“ರೀ, ಹುಡುಗಿ ಹೊರಗೆ ಬರ್ತಿದ್ದಾಳೆ,” ಎಂದಳು ರೇಖಾ. “ಆ ಫ್ಯೂಸು ಬಿಟ್ಟು ಬನ್ನಿ.”

“ಎರಡೇ ನಿಮಿಷ.”

ಫ್ಯೂಸಿನ ಜಾಗದಲ್ಲಿ ವೈರು ಹಾಕಬಾರದು ಎಂದು ನನ್ನ ಡೈರಿಯ ಮೊದಲ ಪುಟದಲ್ಲೇ ಇದೆ, ಅಡಿಗೆರೆ ಸಮೇತ. ಆದರೂ ಛತ್ರದ ಮೂಲೆಯಲ್ಲಿ ಬಿದ್ದಿದ್ದ ತುಂಡು ವೈರಿನ ತಾಮ್ರದ ಎಳೆ ಬಿಡಿಸಿಕೊಂಡೆ. ಒಂದು ಎಳೆ ಹಾಕಿದ್ದರೆ ಅದಾದರೂ ಕರಗಿ ಮರ್ಯಾದೆ ಉಳಿಸುತ್ತಿತ್ತು. ಗಟ್ಟಿಯಾಗಿರಲಿ ಎಂದು ಹಿಡಿಯಷ್ಟು ಎಳೆಗಳನ್ನು ಹುರಿ ಮಾಡಿ ಬಿಗಿದೆ. ಹಸಿರು ದೀಪ ಹತ್ತಿತು. ಫೋನನ್ನು ಕೈಗೆತ್ತಿಕೊಂಡು, ಹಾಡಿನ ಮೇಲೆ ಬೆರಳಿಟ್ಟುಕೊಂಡು, ಸೌಮ್ಯ ಕಾರಿಗೆ ಕಾಲಿಡುವುದನ್ನೇ ಕಾಯುತ್ತ ನಿಂತೆ. ದೊಡ್ಡಮ್ಮ ಮಗಳ ಕೈ ಹಿಡಿದುಕೊಂಡು ನನ್ನ ಕಡೆಯೇ ನೋಡುತ್ತಿದ್ದರು.

ಆಗ ನೆಂಟರಲ್ಲಿ ಯಾರೋ ಒಬ್ಬರು, ಹೆಣ್ಣಿನ ಜೊತೆ ಹೋಗಬೇಕಾದ ಹಿತ್ತಾಳೆ ಬಿಂದಿಗೆಯನ್ನು ತಂದು ಡಿಕ್ಕಿಯಲ್ಲಿಟ್ಟರು. ಇಟ್ಟದ್ದು ಆಂಪ್ಲಿಫೈಯರ್ ಮಗ್ಗುಲಿಗೆ. ಒಂದು ಕಡೆ ಮುಚ್ಚಳವಿಲ್ಲದ ನನ್ನ ಅಚ್ಚುಕಟ್ಟಾದ ಸ್ಕ್ರೂ. ಇನ್ನೊಂದು ಕಡೆ ಕಾರಿನ ತಗಡು. ನಡುವೆ, ಎರಡಕ್ಕೂ ತಾಗಿಕೊಂಡು, ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದ ಬಿಂದಿಗೆ.

ಮೊದಲು ಚಟ್ ಎಂದು ಕಿಡಿ. ನಂತರ, ನಾನು ಎರಡು ಭಾನುವಾರ ಕಷ್ಟಪಟ್ಟು ಎಳೆದ ವೈರು ಬಾನೆಟ್ಟಿನಿಂದ ಡಿಕ್ಕಿಯವರೆಗೆ ತಾನು ಸಾಗಿದ ದಾರಿಯನ್ನೆಲ್ಲ ಹೊಗೆಯಿಂದ ತೋರಿಸಿಕೊಟ್ಟಿತು. ಹೂವಿನ ಹಾರ ಹಾಕಿದ ಕಾರು ಬೆಲ್ಲದ ಆಲೆಮನೆಯಾಯಿತು.

“ಹಿಂದಕ್ ಸರೀರೋ!” ಎಂದು ಅಪ್ಪ ಓಡಿಬಂದರು. ಬೀಗರು ಹೊದೆಸಿದ್ದ ಶಲ್ಯವನ್ನೇ ಕೈಗೆ ಸುತ್ತಿಕೊಂಡು ನನ್ನ ತಾಮ್ರದ ಹುರಿಯನ್ನು ಕಿತ್ತೆಸೆದರು. ಶಲ್ಯ ಸುಟ್ಟಿತು. ಅಪ್ಪನ ಕೈ ಉಳಿಯಿತು. ಅದೊಂದು ಪುಣ್ಯ.

ಗಂಡಿನ ಸೋದರಮಾವ ಗಡಿಯಾರ ನೋಡಿದರು. “ಹೊತ್ತಾಯ್ತು. ಹೊಗೆ ಬಂದ ಗಾಡಿ ಬ್ಯಾಡ. ನಮ್ ಜೀಪಲ್ಲಿ ಕೂರ್ಸಿ.” ಅವರು ಕೋಪದಿಂದ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮಡಿಲಕ್ಕಿಯ ಗಂಟು, ಬಿಂದಿಗೆ, ಹುಡುಗಿ ಎಲ್ಲವೂ ಜೀಪಿಗೆ ಹೋದವು. ಕೆಮ್ಮುತ್ತಿದ್ದ ಜನರ ನಡುವೆ ಸೌಮ್ಯ ತಾಯಿಯ ಕಡೆ ತಿರುಗಿ ಏನೋ ಹೇಳಿದಳು. ಸೀಟಿನ ಮೇಲೆ ನೀರು ಸುರಿಯಿರಿ ಎಂದು ಹತ್ತು ಜನ ಕೂಗುತ್ತಿದ್ದರು. ಜೀಪು ಅರೇಹಳ್ಳಿ ಕಡೆಗೆ ಹೊರಟಿತು.

ಗಲಾಟೆ ಇಳಿದ ಮೇಲೆ ದೊಡ್ಡಮ್ಮ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಹಾಡು ಸುಟ್ಟೋಯ್ತಾ ಮಗ?”

“ಇಲ್ಲ ದೊಡ್ಡಮ್ಮ. ಹಾಡಿಗೇನೂ ಆಗಿಲ್ಲ. ಫೋನಲ್ಲೇ ಇದೆ.”

“ಫೋನೆಲ್ಲೈತೆ?”

ನನ್ನ ಕೈಯಲ್ಲೇ ಇತ್ತು. ಅಷ್ಟೂ ಹೊತ್ತು ಇತ್ತು. ಬೆರಳು ಇನ್ನೂ ಹಾಡಿನ ಮೇಲೆಯೇ ಇತ್ತು.

ಅವರು ಅದನ್ನು ನೋಡಿದರು. ಆಪರೇಷನ್ ಆದ ಮೇಲೆ ಅವರ ದನಿ ಪಿಸುಮಾತಿನಷ್ಟೇ. ಆದರೂ ಪ್ರತಿ ಅಕ್ಷರ ಕೇಳಿಸಿತು.

“ಅವಳ ಕಿವಿ ತಾವ ಹಿಡಿದಿದ್ರೆ ಆಗ್ತಿರಲಿಲ್ವಾ?”

ಆಗುತ್ತಿತ್ತು. ವೈರಿನ ಉದ್ದ, ಸೊನ್ನೆ. ಫ್ಯೂಸು, ಬೇಕಿಲ್ಲ. ನನ್ನ ಕೈಗೂ ಸೌಮ್ಯಳ ಕಿವಿಗೂ ನಡುವೆ ಇದ್ದದ್ದು ಒಂದು ಮಾರು. ಅದನ್ನು ಅಳೆಯಲು ದಾರವೂ ಬೇಕಿರಲಿಲ್ಲ.

ಆ ರಾತ್ರಿಯೇ ಹಾಡನ್ನು ಸೌಮ್ಯಳಿಗೆ ವಾಟ್ಸಾಪ್ ಮಾಡಿದೆ. ಮರುದಿನ ಉತ್ತರ ಬಂತು: ‘ಇಲ್ಲಿ ತುಂಬಾ ಜನ ಇದ್ದಾರೆ ಅಣ್ಣ, ಪೂರ್ತಿ ಕೇಳೋಕೆ ಆಗ್ಲಿಲ್ಲ. ಅಮ್ಮ ಪಕ್ಕದಲ್ಲಿ ಇಲ್ದೆ ಕೇಳೋಕೂ ಆಗ್ಲಿಲ್ಲ.’ ಇದನ್ನು ದೊಡ್ಡಮ್ಮನಿಗೆ ಇನ್ನೂ ತೋರಿಸಿಲ್ಲ. ಅಪ್ಪ ಮಾದಿಹಳ್ಳಿಯಿಂದ ಫ್ಯೂಸು ತಂದುಕೊಟ್ಟರು. ಒಂದು ಗೆರೆಯೂ ಬಿದ್ದಿರಲಿಲ್ಲ. ನಮ್ಮ ಇಡೀ ವ್ಯವಸ್ಥೆಯಲ್ಲಿ ಸುರಕ್ಷಿತವಾಗಿ ಉಳಿದದ್ದು ಅದೊಂದೇ.

ಆಷಾಢಕ್ಕೆ ಸೌಮ್ಯ ತವರಿಗೆ ಬರುತ್ತಾಳೆ. ತಿಂಗಳು ಕಳೆದು ಅವಳು ವಾಪಸು ಹೊರಡುವಾಗ ಹೆಣ್ಣೊಪ್ಪಿಸುವ ಹಾಡನ್ನು ಇನ್ನೊಮ್ಮೆ ಹಾಕುವ ಪದ್ಧತಿ ಯಾವ ಊರಿನಲ್ಲಾದರೂ ಇದೆಯೇ? ಒಮ್ಮೆ ಒಪ್ಪಿಸಿದ ಮೇಲೆ ಮತ್ತೆ ಒಪ್ಪಿಸಬಾರದು ಎಂದು ಕೆಲವರು ಹೇಳುತ್ತಿದ್ದಾರೆ. ಆವತ್ತು ಒಪ್ಪಿಸಿದ್ದೇ ಆಗಲಿಲ್ಲ, ಆದ್ದರಿಂದ ತಪ್ಪಿಲ್ಲ ಎಂಬುದು ರೇಖಾಳ ವಾದ. ಫೋನು ಹಿಡಿದುಕೊಳ್ಳುವ ಜವಾಬ್ದಾರಿಯನ್ನು ಅವಳೇ ವಹಿಸಿಕೊಂಡಿದ್ದಾಳೆ. ನನಗೆ ಬಾಗಿಲ ಬಳಿ ಚಪ್ಪಲಿ ಜೋಡಿಸುವ ಕೆಲಸ ಕೊಟ್ಟಿದ್ದಾರೆ. ಈ ವಿಷಯದಲ್ಲಿ ಹೆಚ್ಚು ತಿಳಿದವರು ದಯವಿಟ್ಟು ನನಗೆ ಬರೆದು ತಿಳಿಸಿ. ಪದ್ಧತಿಯ ಬಗ್ಗೆ ಮಾತ್ರ. ವೈರಿಂಗ್ ಬಗ್ಗೆ ಬೇಡ.